ಹಿಂದಿನ ಬೆಂಚಿನ ಪರೀಕ್ಷಕರು

(ಸರ್ಕಾರಿ ಶಾಲೆಯೊಂದರ ಸ್ಟಾಫ್ ರೂಮು. ಬಿ.ಎಡ್. ಪ್ರಶಿಕ್ಷಣಾರ್ಥಿಗಳ ಪಾಠ ವೀಕ್ಷಿಸುವ ಉಪನ್ಯಾಸಕಿ ಒಬ್ಬರು. ಅವರಲ್ಲೊಬ್ಬನಿಗೆ ಮಾರ್ಗದರ್ಶಕರಾದ ಗಣಿತದ ಮೇಷ್ಟ್ರು ಇನ್ನೊಬ್ಬರು. ಇಬ್ಬರದೂ ದೀರ್ಘ ಸರ್ವಿಸು, ಹಾಗಾಗಿ ಸುಲಭಕ್ಕೆ ಒಪ್ಪುವವರಲ್ಲ.)

ಮೇಷ್ಟ್ರು: ಸೋಮವಾರದ ಪಾಠಕ್ಕೆ ಅಷ್ಟು ಕಡಿಮೆ ಅಂಕ ಯಾಕೆ ಮೇಡಂ?

ಉಪನ್ಯಾಸಕಿ: ಏಳನೇ ಕ್ಲಾಸು, ಋಣ ಸಂಖ್ಯೆಗಳ ಗುಣಾಕಾರ. ‘ಸಾಲಕ್ಕೆ ಸಾಲ ಗುಣಿಸಿದ್ರೆ ಲಾಭ ಹೆಂಗೆ ಬರುತ್ತೆ ಸರ್?’ ಅಂತ ಒಬ್ಬಳು ಕೇಳಿದಳು. ಸೀಮೆಸುಣ್ಣ ಹಿಡ್ಕೊಂಡು ನಿಂತೇಬಿಟ್ಟ. ಕೊನೆಗೆ ‘ನಾಳೆ ಹೇಳ್ತೀನಿ’ ಅಂದ. ಪಾಠ ಮುಗಿಯೋದಿರಲಿ, ಅರ್ಧಕ್ಕೇ ಬೆಲ್ ಹೊಡೀತು.

ಮೇಷ್ಟ್ರು: ನಾಳೆ ಅಂದವನು ನಾಳೆ ಹೇಳಿದ. ಬೋರ್ಡ್ ಮೇಲೆ 2 × (–2) = –4, ಅದರ ಕೆಳಗೆ 1 × (–2) = –2, ಅದರ ಕೆಳಗೆ 0 × (–2) = 0. ‘ಸಾಲಿಗೆ ಎರಡೆರಡು ಏರ್ತಿದೆ. ಈಗ –1 ಬಂದ್ರೆ?’ ಅಂದ. ಅದೇ ಹುಡುಗಿ ಎದ್ದು ‘ಎರಡು’ ಅಂದಳು. ನಿಮ್ಮ ವೀಕ್ಷಣಾ ಪುಸ್ತಕದಲ್ಲಿ ಇದಕ್ಕೆ ಕಾಲಂ ಇದೆಯಾ?

ಉಪನ್ಯಾಸಕಿ: ಮಂಗಳವಾರ ನಾನಿರಲಿಲ್ಲ. ನೋಡದ ಪಾಠಕ್ಕೆ ಅಂಕ ಹೇಗೆ ಹಾಕಲಿ?

ಮೇಷ್ಟ್ರು: ಸೋಮವಾರ ಅವನು ಯೋಚಿಸ್ತಾ ನಿಂತಿದ್ದ ಅನ್ನೋದಾದರೂ ಕಾಣಲಿಲ್ವಾ?

ಉಪನ್ಯಾಸಕಿ: ಫ್ಲಾಂಡರ್ಸ್ ಪದ್ಧತಿ ನೀವೂ ಓದಿದ್ದೀರಿ. ತರಗತಿಯಲ್ಲಿ ಕೂತು ಮೂರು ಸೆಕೆಂಡಿಗೊಂದು ಗುರುತು ಹಾಕೋದು. ಹತ್ತು ವರ್ಗ: ಏಳು ಶಿಕ್ಷಕರ ಮಾತಿಗೆ, ಎರಡು ಮಕ್ಕಳ ಮಾತಿಗೆ. ಹತ್ತನೆಯದು ‘ಮೌನ ಅಥವಾ ಗೊಂದಲ’.

ಮೇಷ್ಟ್ರು: ಎರಡೂ ಒಂದೇ ಖಾನೆಗೆ!

ಉಪನ್ಯಾಸಕಿ: ಹಿಂದಿನ ಬೆಂಚಿಂದ ಎರಡೂ ಒಂದೇ ಥರ ಕಾಣ್ತವೆ. ಪಾಪ, ಫ್ಲಾಂಡರ್ಸ್ ಸುಳ್ಳು ಹೇಳಲಿಲ್ಲ.

ಮೇಷ್ಟ್ರು: ನೀವು ಕೂತಿದ್ದಕ್ಕೇ ಅವನು ತಡವರಿಸಿದ್ದು. ಬೇರೆಯವರು ಜಾಣರು, ಹಿಂದಿನ ದಿನವೇ ಅದೇ ಪಾಠ ಒಮ್ಮೆ ಮಾಡಿ ಮುಗಿಸಿರ್ತಾರೆ. ನಿಮ್ಮೆದುರು ಮಕ್ಕಳೆಲ್ಲ ಕೈ ಎತ್ತುತ್ತಾರೆ, ನೀವು ‘ಉತ್ತಮ’ ಅಂತ ಬರೀತೀರಿ.

ಉಪನ್ಯಾಸಕಿ: ಸರಿ, ಅಂಕ ಶಾಲೆಗೇ ಬಿಟ್ಟರೆ? ಖಾಲಿ ಹುದ್ದೆಯ ಪೀರಿಯಡ್ ತುಂಬಿಸಿದ, ಉತ್ತರಪತ್ರಿಕೆ ತಿದ್ದಿಕೊಟ್ಟ, ‘ಒಳ್ಳೆ ಹುಡುಗ’ ಅಂತ ಎಲ್ಲರಿಗೂ ಐವತ್ತಕ್ಕೆ ನಲವತ್ತೆಂಟು. 2014ರ ಎನ್‌ಸಿಟಿಇ ನಿಯಮದಲ್ಲಿ ಬಿ.ಎಡ್. ಎರಡು ವರ್ಷವಾಗಿ ಶಾಲೆಯಲ್ಲಿರೋ ಅವಧಿ ವಾರಗಟ್ಟಲೆ ಹೆಚ್ಚಿತು. ಹೆಚ್ಚಿದ್ದು ಕಲಿಕೆಯೋ ಬಿಟ್ಟಿ ದುಡಿಮೆಯೋ, ನೀವೇ ಹೇಳಿ. ಮೂವತ್ತು ವರ್ಷ ಅವನ ಎದುರು ಕೂರೋ ಮಕ್ಕಳ ಪರವಾಗಿ ಯಾರಾದರೂ ‘ಇವನು ಇನ್ನೂ ತಯಾರಿಲ್ಲ’ ಅನ್ನಬೇಕಲ್ಲ?

ಮೇಷ್ಟ್ರು: ಅನ್ನಲೇಬೇಕು, ಅದಕ್ಕೆ ತಕರಾರಿಲ್ಲ. ಆದರೆ ಅನ್ನೋರೇ ತಿದ್ದೋರೂ ಆದರೆ ಅವನು ತಪ್ಪನ್ನ ಯಾರಿಗೆ ತೋರಿಸಬೇಕು? ‘ನಂಗೂ ಗೊತ್ತಿಲ್ಲ ಸರ್’ ಅಂತ ಆವತ್ತು ಸಂಜೆ ನನ್ನ ಹತ್ತಿರ ಬಂದ. ನಿಮ್ಮ ಹತ್ತಿರ ಬರಲಿಲ್ಲ.

ಉಪನ್ಯಾಸಕಿ: ನಿಮ್ಮ ಕೈಯಲ್ಲಿ ಅಂಕ ಇರಲಿಲ್ಲ, ಬಂದ. ನಾಳೆ ನಿಮಗೆ ಅಂಕ ಕೊಡಿ ಅಂದರೆ ನಿಮ್ಮ ಹತ್ತಿರವೂ ಬರಲ್ಲ.

ಮೇಷ್ಟ್ರು: ಅದೂ ನಿಜವೇ.

ಉಪನ್ಯಾಸಕಿ: ಗುರುವಾರ ಇನ್ನೊಮ್ಮೆ ಬರ್ತೀನಿ. ಪುಸ್ತಕ ತರಲ್ಲ, ಅಂಕ ಹಾಕಲ್ಲ. ಸುಮ್ಮನೆ ನೋಡ್ತೀನಿ.

ಮೇಷ್ಟ್ರು: ಅವನು ಅದನ್ನ ನಂಬ್ತಾನೆ ಅಂದ್ಕೊಂಡಿದ್ದೀರಾ ಮೇಡಂ?