ಪೆಟ್ಟಿಗೆಯೊಳಗಿನ ದನಿ

ಮುಂಬಯಿಯ ಲ್ಯಾಮಿಂಗ್ಟನ್ ರೋಡಿನಲ್ಲಿ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿಗಳು ಸಾಲಾಗಿವೆ. ನಿವೃತ್ತಿಯಾದ ಮೇಲೆ ಅಲ್ಲಿಂದ ಒಂದು ಸ್ಪೀಕರ್ ಕಿಟ್ ತಂದೆ: ಎರಡು ವೂಫರ್, ಎರಡು ಟ್ವೀಟರ್, ಕ್ರಾಸ್‌ಓವರಿನ ಭಾಗಗಳು, ಪೆಟ್ಟಿಗೆಯ ನಕ್ಷೆ. ಬಡಗಿಯಿಂದ 18 ಮಿಲಿಮೀಟರ್ ದಪ್ಪದ ಎಂಡಿಎಫ್ ಹಲಗೆ ಕೊಯ್ಯಿಸಿ, ಡೊಂಬಿವಲಿಯ ಮನೆಯ ಬಾಲ್ಕನಿಯನ್ನೇ ವರ್ಕ್‌ಶಾಪು ಮಾಡಿಕೊಂಡೆ.

ಹಾಡು ಕೇಳುವುದು ನೆಪ. ಕೇಳಬೇಕಾಗಿದ್ದದ್ದು ಒಂದು ಕ್ಯಾಸೆಟ್ಟು. 2003ರಲ್ಲಿ ಅಪ್ಪ ಧಾರವಾಡದಿಂದ ಪತ್ರ ಬರೆಯುವ ಬದಲು ಮಾತಾಡಿ ಕಳಿಸಿದ್ದು. ಮರುವರ್ಷ ಅವರು ತೀರಿಕೊಂಡರು.

ಸ್ಪೀಕರ್ ಕಟ್ಟುವುದೆಂದರೆ ಹಂಚುವ ಕೆಲಸ. ಕಾಯಿಲ್ ತಗ್ಗಿನ ಸ್ವರಗಳನ್ನು ವೂಫರಿಗೆ ಬಿಡುತ್ತದೆ, ಕೆಪಾಸಿಟರ್ ಏರಿನ ಸ್ವರಗಳನ್ನು ಟ್ವೀಟರಿಗೆ ಬಿಡುತ್ತದೆ. ಟ್ವೀಟರ್ ಸಾಮಾನ್ಯವಾಗಿ ಜೋರು. ಅದನ್ನು ಹದಕ್ಕೆ ತರಲು ಒಂದು ರೆಸಿಸ್ಟರ್. ಅದರ ಓಮ್ ಹೆಚ್ಚಿಸಿದರೆ ದನಿ ಮೆತ್ತಗಾಗುತ್ತದೆ. ಪೆಟ್ಟಿಗೆಯನ್ನು ಮೂಲೆಗೆ ಒತ್ತಿದರೆ ತಗ್ಗಿನ ಸ್ವರ ಉಬ್ಬುತ್ತದೆ. ನಾನು ಎರಡನ್ನೂ ಮಾಡಿದೆ. ಕ್ಯಾಸೆಟ್ಟಿನ ಸುಯ್ ಸದ್ದು ಅಡಗಿತು. ಅಪ್ಪನ ದನಿ ಗಂಭೀರವಾಗಿ, ತುಂಬಿಕೊಂಡು ಬಂತು. ಕಣ್ಣು ಒದ್ದೆಯಾದವು.

ಅವ್ವನನ್ನು ಕರೆದು ಕೇಳಿಸಿದೆ. ಆಕೆ ಸ್ವಲ್ಪ ಹೊತ್ತು ಕೇಳಿ, "ಇದು ನಿಮ್ಮಪ್ಪನ ದನಿ ಅಲ್ಲೋ. ಅವರದು ಇಷ್ಟ ಗಡಸು ಎಲ್ಲಿತ್ತು?" ಅಂದಳು.

ನನಗೆ ಸಿಟ್ಟು ಬಂತು. ಆಮೇಲೆ ಯೋಚನೆ ಬಂತು. ಇಪ್ಪತ್ತು ವರ್ಷ ನಾನು ಅಪ್ಪನನ್ನು ಕೇಳಿದ್ದು ಫೋನಿನಲ್ಲಿ. ಹಳೆಯ ಟೆಲಿಫೋನು ದಾಟಿಸುತ್ತಿದ್ದದ್ದು ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಸದ್ದು ಮಾತ್ರ. ಗಂಡಸಿನ ದನಿಯ ಬುಡ 100 ಹರ್ಟ್ಸ್‌ನ ಆಸುಪಾಸು. ಅದನ್ನು ಕೇಳುವವನ ಕಿವಿಯೇ ತುಂಬಿಕೊಳ್ಳುತ್ತದೆ. ಅಂದರೆ ನನ್ನ ನೆನಪಿನ ಅಪ್ಪನಲ್ಲಿ ಅರ್ಧ ನನ್ನದೇ ಕಟ್ಟೋಣ. ದೂರ ಇರುವವರೆಲ್ಲ ಮಾಡುವುದು ಇದನ್ನೇ ಅಲ್ಲವೆ? ಊರನ್ನೂ ಹೀಗೆಯೇ ತುಂಬಿಕೊಂಡಿರುತ್ತೇವೆ.

ಯಾವ ಸ್ಪೀಕರೂ ಪೂರ್ತಿ ನಿಜ ಹೇಳುವುದಿಲ್ಲ. ಹಲಗೆ, ಕಾಗದ, ಕೋಣೆ ಎಲ್ಲವೂ ತಮ್ಮ ದನಿ ಸೇರಿಸುತ್ತವೆ. ಹಾಗಿದ್ದ ಮೇಲೆ ಇಷ್ಟವಾದಂತೆ ತಿದ್ದಿದರೆ ತಪ್ಪೇನು? ಹಾಡಿಗಾದರೆ ತಪ್ಪಿಲ್ಲ, ಅದು ರುಚಿಯ ಮಾತು. ಆದರೆ ಸತ್ತವರು ಎದ್ದು ಬಂದು "ನಾನು ಹಾಗಿರಲಿಲ್ಲ" ಅನ್ನಲಾರರು. ಪೂರ್ತಿ ನಿಜ ಸಿಗದು ಎಂಬುದು ಬೇಕಾದ ಸುಳ್ಳಿಗೆ ಪರವಾನಗಿ ಆಗಲಾರದು.

ನಕ್ಷೆಯಲ್ಲಿ ಹೇಳಿದ ರೆಸಿಸ್ಟರನ್ನೇ ಮತ್ತೆ ಸೋಲ್ಡರ್ ಮಾಡಿದೆ. ಪೆಟ್ಟಿಗೆಗಳನ್ನು ಗೋಡೆಯಿಂದ ಈಚೆ ಎಳೆದೆ. ಸುಯ್ ಸದ್ದು ಮರಳಿತು. ಅದರ ಜೊತೆಗೆ ಇನ್ನೊಂದು ಸದ್ದು: ವಾಕ್ಯ ವಾಕ್ಯದ ನಡುವೆ ಅಪ್ಪ ಉಸಿರು ಎಳೆದುಕೊಳ್ಳುವುದು. "ನಾ ಆರಾಮ ಇದ್ದೀನಿ, ನೀ ರಜಾ ಹಾಕಿ ಬರೋದೇನು ಬ್ಯಾಡ" ಅನ್ನುವಾಗಂತೂ ಎರಡು ಸಲ ನಿಲ್ಲುತ್ತಾರೆ. ನಾನು ಹೋಗಿರಲಿಲ್ಲ.

ಅವ್ವ ಬಾಗಿಲಲ್ಲಿ ನಿಂತಿದ್ದಳು. "ಹಾಂ, ಇವರು ಹೌದು ನೋಡು" ಅಂದಳು. ಆಮೇಲೆ ಮೆಲ್ಲಗೆ, "ಆಗ ಭಾಳ ತ್ರಾಸ ಇತ್ತಪಾ ಅವರಿಗೆ. ನಿನಗ ಹೇಳಬ್ಯಾಡ ಅಂದಿದ್ರು."