ತೀರಿಸಬೇಕಾಗಿಲ್ಲದ ಸಾಲ

ನನ್ನ ತಂದೆ ಶಿವಮೊಗ್ಗದಲ್ಲಿ ಮೇಷ್ಟರಾಗಿದ್ದವರು. 2012ರಲ್ಲಿ ನಾನು ಇಂಗ್ಲೆಂಡಿನಲ್ಲಿ ಗುತ್ತಿಗೆಯ ಮೇಲೆ ಕಂಪ್ಯೂಟರ್ ಕೆಲಸ ಹಿಡಿದಾಗ ಅವರು ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಯಾರ ಹತ್ತಿರ ಕೆಲಸ ಮಾಡ್ತೀಯಪ್ಪಾ?" ಉತ್ತರ ಹೇಳಲು ತಡವರಿಸಿದೆ.

ಕೆಲಸವೇನೋ ಲಂಡನ್ನಿನ ಒಂದು ಬ್ಯಾಂಕಿನದು. ಆದರೆ ಬ್ಯಾಂಕಿನ ಲೆಕ್ಕದಲ್ಲಿ ನಾನು ಏಜೆನ್ಸಿಯೊಂದು ಕಳಿಸಿದವನು. ಏಜೆನ್ಸಿಯ ಲೆಕ್ಕದಲ್ಲಿ ಐಲ್ ಆಫ್ ಮ್ಯಾನಿನ ಒಂದು ಕಂಪನಿಯ ನೌಕರ. ಅದು ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವಣ ದ್ವೀಪ. ತನ್ನದೇ ಶಾಸನಸಭೆ, ತನ್ನದೇ ತೆರಿಗೆ. ಆ ನೆಲದ ಮೇಲೆ ನಾನು ಇಂದಿಗೂ ಕಾಲಿಟ್ಟಿಲ್ಲ.

ಸಂಬಳದ ಕ್ರಮವೂ ವಿಚಿತ್ರ. ಕನಿಷ್ಠ ಕೂಲಿಯಷ್ಟನ್ನು ಸಂಬಳವೆಂದು ಕೊಟ್ಟು ಅದಕ್ಕೆ ತೆರಿಗೆ ಮುರಿಯುತ್ತಿದ್ದರು. ಉಳಿದದ್ದು ಒಂದು ಟ್ರಸ್ಟಿನ ಮೂಲಕ 'ಸಾಲ'ವಾಗಿ ಬರುತ್ತಿತ್ತು. ಸಾಲಕ್ಕೆ ವರಮಾನ ತೆರಿಗೆಯಿಲ್ಲವಷ್ಟೆ! ತೀರಿಸುವುದು ಯಾವಾಗ ಎಂದು ಕೇಳಿದೆ. ಕಂಪನಿಯವರು ನಕ್ಕರು. ನಾನೂ ನಕ್ಕೆ.

ನನ್ನನ್ನು ಕಾಡುತ್ತಿರುವುದು ಆ ನಗು. ನಮ್ಮಲ್ಲಿ ಸಾಲ ಎಂಬುದು ಹಗುರವಾದ ಮಾತಲ್ಲ. ಶೆಟ್ಟರ ಅಂಗಡಿಯ ಉದ್ದರಿ ಪುಸ್ತಕದಲ್ಲಿ ನಾಲ್ಕಾಣೆ ಉಳಿದರೂ ಅಮ್ಮನಿಗೆ ನಿದ್ದೆ ಬರುತ್ತಿರಲಿಲ್ಲ. ದೇವಋಣ, ಋಷಿಋಣ, ಪಿತೃಋಣ ಎಂದು ಹುಟ್ಟಿದಂದಿನಿಂದಲೇ ಲೆಕ್ಕ ಇಡುವ ಜನ ನಾವು. ಅಂಥಲ್ಲಿ ಬೆಳೆದವನು ತೀರಿಸಬೇಕಾಗಿಲ್ಲದ ಸಾಲವೊಂದುಂಟೆಂದು ಮೂರು ವರ್ಷ ನಂಬಿದೆ. ಅಥವಾ ನಂಬಿದವನಂತೆ ಇದ್ದೆ. ಇವೆರಡರ ನಡುವಣ ಅಂತರವನ್ನು ನನಗಿನ್ನೂ ಅಳೆಯಲಾಗಿಲ್ಲ.

2017ರಲ್ಲಿ, ಒಂದು ಫುಟ್‌ಬಾಲ್ ಕ್ಲಬ್ಬಿನ ಮೊಕದ್ದಮೆಯಲ್ಲಿ, ದುಡಿಮೆಯ ಪ್ರತಿಫಲ ಮೂರನೆಯವರ ಕೈಗೆ ಹೋದರೂ ಅದು ಸಂಬಳವೇ ಎಂದು ಬ್ರಿಟನ್ನಿನ ಸುಪ್ರೀಂ ಕೋರ್ಟು ಹೇಳಿತು. ಅದೇ ವರ್ಷ ಬಂದ ಶಾಸನವು 2019ರ ಏಪ್ರಿಲ್ 5ರಂದು ಬಾಕಿಯಿದ್ದ ಇಂಥ ಸಾಲಗಳನ್ನೆಲ್ಲ ವರಮಾನವೆಂದೇ ಎಣಿಸಿತು. ಮೊದಲು 1999ರಷ್ಟು ಹಿಂದಿನವಕ್ಕೂ ಕೈ ಹಾಕಿದ್ದರು. ಕೂಗೆದ್ದ ಮೇಲೆ 2010ರ ಡಿಸೆಂಬರ್ 9ಕ್ಕೆ ಹಿಂದಿನವನ್ನು ಬಿಟ್ಟರು. ನನ್ನದು ಸಿಕ್ಕಿಬಿತ್ತು.

ಅನ್ಯಾಯವೆಂದು ಕೂಗಿದವರಲ್ಲಿ ನಾನೂ ಒಬ್ಬ. ಆ ಕೂಗಿನಲ್ಲಿ ಸತ್ಯವಿಲ್ಲದಿಲ್ಲ. ಹಂಚಿಕೆ ಹೂಡಿ ಕಮಿಷನ್ ಎಣಿಸಿಕೊಂಡವರು ಬಾಗಿಲು ಹಾಕಿಕೊಂಡು ಹೋದರು. ಏಟು ಬಿದ್ದದ್ದು ದುಡಿದವರ ಬೆನ್ನಿಗೆ. ಕೆಲವರು ದಿವಾಳಿಯಾದರು, ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಅವರ ಮುಂದೆ ನನ್ನ ಪಾಪಪ್ರಜ್ಞೆ ಒಂದು ಸುಖಜೀವಿಯ ವಿಲಾಸವೆಂದು ಯಾರಾದರೂ ಅಂದರೆ ಒಪ್ಪುತ್ತೇನೆ.

ಆದರೂ ಒಂದು ಮಾತು. 2013ರಲ್ಲಿ ನನ್ನ ಮಗಳು ದಿನ ತುಂಬುವ ಮೊದಲೇ ಹುಟ್ಟಿ, ಅಲ್ಲಿನ ಸರ್ಕಾರಿ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಹದಿನೇಳು ದಿನ ಇದ್ದಳು. ಬಿಲ್ಲು ಬರಲಿಲ್ಲ. ರಾತ್ರಿಯೆಲ್ಲ ಅವಳನ್ನು ನೋಡಿಕೊಂಡ ನರ್ಸಮ್ಮ ಕೇರಳದವರು. ಅವರ ಸಂಬಳದಲ್ಲಿ ತಿಂಗಳು ತಿಂಗಳೂ ತೆರಿಗೆ ಮುರಿದೇ ಇರಬೇಕು. ಅವರಿಗೆ ದ್ವೀಪವಿರಲಿಲ್ಲ.

ತೆರಿಗೆಯನ್ನು ಐದು ವರ್ಷ ಕಂತಿನಲ್ಲಿ ಕಟ್ಟಿ ಮುಗಿಸಿದೆ. ಮುಗಿಯಿತೆಂದುಕೊಂಡಾಗ ಇನ್ನೊಂದು ಪತ್ರ ಬಂತು. ಟ್ರಸ್ಟಿನ ಸಾಲಪತ್ರಗಳನ್ನು ಯಾರೋ ಕೊಂಡಿದ್ದಾರೆ. ಅಸಲು ಕೂಡಲೇ ಹಿಂದಿರುಗಿಸಬೇಕಂತೆ! ವಕೀಲರು ಉತ್ತರದ ಕರಡು ಕಳಿಸಿದ್ದಾರೆ: 'ಇದು ಸಾಲವಲ್ಲವೆಂದು ಉಭಯ ಪಕ್ಷದವರಿಗೂ ಮೊದಲಿನಿಂದಲೇ ತಿಳಿದಿತ್ತು.' ಸಹಿ ಹಾಕಿದರೆ ಹಣ ಉಳಿಯಬಹುದು. ಕರಡು ಒಂದು ವಾರದಿಂದ ಮೇಜಿನ ಮೇಲಿದೆ. 'ಮೊದಲಿನಿಂದಲೇ' ಎಂಬಲ್ಲಿಗೆ ಬಂದಾಗಲೆಲ್ಲ ಪೆನ್ನು ಕೆಳಗಿಡುತ್ತೇನೆ.