ಕಾಲು ತೊಳೆದ ನೀರು

ಈಚೆಗೆ ನಮ್ಮ ಆಫೀಸಿನಲ್ಲಿ ಒಂದು ಟ್ರೈನಿಂಗ್ ಆಯ್ತು. ವಿಷಯ 'ಸರ್ವೆಂಟ್ ಲೀಡರ್‌ಶಿಪ್'. ನಾಯಕ ಅಂದ್ರೆ ಸೇವಕ ಅಂತ ಸ್ಲೈಡ್ ಮೇಲೆ ಸ್ಲೈಡ್. ಈ ಮಾತನ್ನು 1970ರಲ್ಲಿ ಚಾಲ್ತಿಗೆ ತಂದವರು ರಾಬರ್ಟ್ ಗ್ರೀನ್‌ಲೀಫ್, ಅಮೆರಿಕದ ಎಟಿ ಅಂಡ್ ಟಿ ಕಂಪನಿಯಲ್ಲಿ ದುಡಿದವರು. ಟ್ರೈನರ್ ಇದನ್ನೆಲ್ಲ ವಿವರಿಸುತ್ತಿದ್ದಾಗ ಹೌಸ್‌ಕೀಪಿಂಗ್ ಅಕ್ಕ ಬಂದು ನಮ್ಮ ಕಾಫಿ ಕಪ್ ಎತ್ತಿಕೊಂಡು ಹೋದರು. ಯಾರೂ ತಲೆ ಎತ್ತಿ ನೋಡಲಿಲ್ಲ. ನನಗೂ ಅದು ಹೊಳೆದದ್ದು ರಾತ್ರಿ ಮನೆಗೆ ಬಂದ ಮೇಲೆ.

ಗ್ರೀನ್‌ಲೀಫ್‌ಗಿಂತ ಬಹಳ ಹಿಂದೆ ಯೇಸು ಈ ಮಾತು ಹೇಳಿದ್ದು ಇಷ್ಟು ನಯವಾಗಿ ಅಲ್ಲ. ಮಾರ್ಕನ ಸುವಾರ್ತೆಯಲ್ಲಿ ಇಬ್ಬರು ಅಣ್ಣತಮ್ಮಂದಿರು ಬಂದು ನಿನ್ನ ಎಡಬಲದ ಜಾಗ ನಮಗೆ ಕೊಡು ಅಂತ ಕೇಳ್ತಾರೆ. ಅಪ್ರೈಸಲ್ ಟೈಮಿನಲ್ಲಿ ನಾವು ಕೇಳುವ ಹಾಗೇ. ಮೊದಲಿಗನಾಗಬೇಕಾದವನು ಎಲ್ಲರ ಆಳಾಗಲಿ ಅನ್ನೋದು ಅವರಿಗೆ ಸಿಕ್ಕ ಉತ್ತರದ ಸಾರ. ಗ್ರೀಕ್ ಮೂಲದಲ್ಲಿ ಇರುವ ಪದ 'ದೂಲೊಸ್'. ನಮ್ಮ ಇಂಡಿ, ಸಿಂದಗಿ ಕಡೆ ಅದಕ್ಕೆ ಸರಿಯಾದ ಮಾತು ಜೀತದಾಳು. ಆ ಪದ ಹಾಕಿ ಯಾವ ಕಂಪನಿಯೂ ಟ್ರೈನಿಂಗ್ ಮಾಡಿಸಲಿಕ್ಕಿಲ್ಲ.

ಕಡೆಯ ಊಟದ ರಾತ್ರಿ ಯೇಸು ಶಿಷ್ಯರ ಕಾಲು ತೊಳೆದ ಕಥೆ ಗೊತ್ತಿದ್ದರೂ ಅದರ ಬಿಸಿ ನನಗೆ ತಟ್ಟಿರಲಿಲ್ಲ. ನಾನು ಕ್ರೈಸ್ತನಲ್ಲ. ಇಂಡಿ ತಾಲ್ಲೂಕಿನ ನಮ್ಮ ಮನೆಗೆ ಸ್ವಾಮಿಗಳು ಬಂದರೆ ಅಜ್ಜಿ ಪಾದಪೂಜೆ ಮಾಡ್ತಿದ್ದಳು, ಆ ನೀರನ್ನು ಪಾದೋದಕ ಅಂತ ನಾವೆಲ್ಲ ತಗೊಳ್ತಿದ್ದೆವು. ಕಿರಿಯರು ಹಿರಿಯರ ಕಾಲು ತೊಳೆಯೋದು ಅಂದ್ರೆ ನನಗೆ ಗೊತ್ತಿದ್ದ ಭಕ್ತಿ. ಇಲ್ಲಿ ಗುರುವೇ ಸೊಂಟಕ್ಕೆ ಟವೆಲ್ ಸುತ್ತಿಕೊಂಡು ಕೆಳಗೆ ಕೂತಿದ್ದಾನೆ. ಅಜ್ಜಿಯ ಎದುರು ಸ್ವಾಮಿಗಳು ಹಾಗೆ ಕೂತಿದ್ದರೆ ಆಕೆ ಎದ್ದು ಓಡಿಬಿಡ್ತಿದ್ದಳು. ಪೇತ್ರನೂ ಅದನ್ನೇ ಮಾಡಿದ, ಬೇಡವೇ ಬೇಡ ಅಂತ ಕಾಲು ಹಿಂದೆಳೆದ.

ಒಂದು ವರ್ಷ ಪವಿತ್ರ ಗುರುವಾರದ ಸಂಜೆ ರೂಮ್‌ಮೇಟ್ ನನ್ನನ್ನು ಬೆಂಗಳೂರಿನ ಒಂದು ಚರ್ಚಿಗೆ ಕರಕೊಂಡು ಹೋಗಿದ್ದ. ಪಾದ್ರಿಗಳು ಹನ್ನೆರಡು ಜನರ ಕಾಲು ತೊಳೆದರು. ಅವರಲ್ಲಿ ಅಲ್ಲಿನ ವಾಚ್‌ಮನ್ ಕೂಡ ಒಬ್ಬರು, ಮುದ್ದೇಬಿಹಾಳದ ಕಡೆಯವರು. ಆಚೆ ಬಂದು ಮಾತಾಡಿಸಿದೆ. ನಮ್ಮ ಭಾಷೆ ಕೇಳಿ ಅವರ ಮುಖ ಅರಳಿತು.

"ಮನ್ಯಾಗ ಮೊದಲs ತಿಕ್ಕಿ ತಿಕ್ಕಿ ತೊಳಕೊಂಡು ಬಂದಿದ್ದೆ ನೋಡ್ರಿ ಸರ. ತೊಳಿಯೋದು ಸಲೀಸರಿ, ತೊಳಿಸ್ಕೊಳ್ಳೋದು ಭಾಳ ತ್ರಾಸು." ಸ್ವಲ್ಪ ಸುಮ್ಮನಿದ್ದು ನಕ್ಕರು. "ಆಮ್ಯಾಲ ಚೆಲ್ಲಿದ ನೀರು ಒರಸಾಕ ನನಗs ಹೇಳಿದ್ರಿ."

ಹೇಳಿದವರು ಕೆಟ್ಟವರೇನಲ್ಲ. ನೆಲ ಒದ್ದೆ ಇತ್ತು, ಒರಸುವ ಮನುಷ್ಯ ಯಾರು ಅಂತ ಎಲ್ಲರಿಗೂ ಗೊತ್ತಿತ್ತು, ಅಷ್ಟೇ. 2013ರಲ್ಲಿ ಪೋಪ್ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಜೈಲಿಗೆ ಹೋಗಿ ಹನ್ನೆರಡು ಮಂದಿಯ ಕಾಲು ತೊಳೆದಾಗ ಅವರಲ್ಲಿ ಹುಡುಗಿಯರೂ ಮುಸ್ಲಿಮರೂ ಇದ್ದರು. ಆ ಫೋಟೋ ಎಲ್ಲರೂ ನೋಡಿದ್ದೇವೆ. ನನಗೀಗ ಅದನ್ನು ನೋಡಿದಾಗಲೆಲ್ಲ ಫೋಟೋ ತೆಗೆದಾದ ಮೇಲಿನ ನೆಲ ನೆನಪಾಗುತ್ತೆ.

ಬೇರೆಯವರ ಮಾತು ಯಾಕೆ, ನನ್ನದೇ ಹೇಳ್ತೀನಿ. ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು ಅಂತ 2013ರ ಕಾಯ್ದೆ ಹೇಳುತ್ತೆ. ಆ ಲೆಕ್ಕದಲ್ಲಿ ನಾವು ಬಸವನ ಬಾಗೇವಾಡಿ ತಾಲ್ಲೂಕಿನ ಒಂದು ಶಾಲೆಗೆ ಬ್ಯಾಗು ಹಂಚಲು ಹೋದೆವು. ಊರನ್ನು ನಾನೇ ಸೂಚಿಸಿದ್ದೆ, ಬಸವಣ್ಣನವರು ಹುಟ್ಟಿದ ನೆಲ ಅಂತ ಬಸ್ಸಿನಲ್ಲಿ ಭಾಷಣವನ್ನೂ ಬಿಗಿದಿದ್ದೆ. ಬಿಜ್ಜಳನ ಭಂಡಾರಿಯಾಗಿದ್ದರೂ ತಮ್ಮನ್ನು ಎಲ್ಲ ಶರಣರಿಗಿಂತ ಕಿರಿಯ ಅಂದುಕೊಂಡವರು, ದಾನ ಅನ್ನದೆ ದಾಸೋಹ ಅಂದವರು, ಇತ್ಯಾದಿ. ದಾನದಲ್ಲಿ ಕೊಟ್ಟವನ ಹೆಸರು ಗುಡಿಯ ಟ್ಯೂಬ್‌ಲೈಟಿನ ಮೇಲೂ ಇರುತ್ತೆ, ದಾಸೋಹದಲ್ಲಿ ಕೊಡುವವನೇ ದಾಸ. ಚೆನ್ನಾಗಿಯೇ ಮಾತಾಡಿದೆ.

ಬ್ಯಾಗು ಹಂಚಿದ್ದಾಯ್ತು, ಫೋಟೋ ಆಯ್ತು. ಹೊರಡುವ ಹೊತ್ತಿಗೆ ಬಿಸಿಯೂಟದ ಅಕ್ಕ ಮನೆಯಿಂದ ಕಟ್ಟಿಕೊಂಡು ಬಂದ ಬುತ್ತಿ ಬಿಚ್ಚಿದರು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. "ಒಂದೀಟು ಉಂಡು ಹೋಗ್ರಿ." ನಮಗೆ ಹೋಟೆಲಿನ ಪ್ಯಾಕೆಟ್ ಊಟ ಬಸ್ಸಿನಲ್ಲಿತ್ತು. ನೀರು ಹೇಗಿದೆಯೋ ಏನೋ ಅಂತ ಯಾರೋ ಇಂಗ್ಲಿಷಿನಲ್ಲಿ ಪಿಸುಗುಟ್ಟಿದರು. "ಬ್ಯಾಡ್ರಿ ಅಕ್ಕಾರ, ತಡ ಆಗ್ತೈತಿ" ಅಂತ ಎಲ್ಲರ ಪರವಾಗಿ ಹೇಳಿದವನು ನಾನು, ಅದೇ ರೊಟ್ಟಿ ತಿಂದು ಬೆಳೆದವನು.

ಯೇಸು ಬರೀ ಕೊಟ್ಟುಕೊಂಡೇ ತಿರುಗಲಿಲ್ಲ. ಬಾವಿಯ ಹತ್ತಿರ ಸಮಾರ್ಯದ ಹೆಂಗಸಿನ ಬಳಿ ಕುಡಿಯೋಕೆ ನೀರು ಕೇಳಿದ. ಅವರ ಪಾತ್ರೆಯನ್ನು ಯೆಹೂದ್ಯರು ಮುಟ್ಟದಿದ್ದ ಕಾಲ. ಲೋಟ ಯಾರದು ಅನ್ನೋದಕ್ಕೆ ಎಷ್ಟು ಬೆಲೆ ಅಂತ ನಮ್ಮ ಹಳ್ಳಿಗಳಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಿಲ್ಲ. ಕೊಡುವಾಗ ನಾನು ಎಷ್ಟು ಬಗ್ಗಿದರೂ ಕೈ ಮೇಲೇ ಇರುತ್ತೆ. ಕೈ ಕೆಳಗಾಗೋದು ಇನ್ನೊಬ್ಬರ ನೀರು ಕುಡಿದಾಗ, ಅವರ ರೊಟ್ಟಿ ಮುರಿದಾಗ.

ಆ ಶಾಲೆಯ ಮಾಸ್ತರು ಮೊನ್ನೆ ಫೋನ್ ಮಾಡಿದ್ದರು. ಎಳ್ಳಮಾವಾಸ್ಯೆಗೆ ಹೊಲಕ್ಕೆ ಬರಬೇಕಂತೆ. "ಬ್ಯಾಗು-ಗೀಗು ಏನೂ ತರಬ್ಯಾಡ್ರಿ, ಉಣ್ಣಾಕ ಬರ್ರಿ" ಅಂದರು. ರಜೆ ಹಾಕಿದ್ದೀನಿ. ಮ್ಯಾನೇಜರ್ ಇನ್ನೂ ಅಪ್ರೂವ್ ಮಾಡಿಲ್ಲ.